ಒತ್ತಿದರೆ ಹೊನ್ನಾಗುವ ಕಪ್ಪು ಹರಳು

ಒಂದು ಪರಮಾಣು ಸಮೇರಿಯಮ್, ಒಂದು ಪರಮಾಣು ಗಂಧಕ. ಸೂತ್ರ ಇಷ್ಟೇ. ಸಮೇರಿಯಮ್ ಮೊನೊಸಲ್ಫೈಡ್ ಎಂಬ ಈ ಸಂಯುಕ್ತ ನೋಡಲು ಕಪ್ಪು ಹರಳು. ಅದನ್ನು 6.5 ಕಿಲೊಬಾರ್‌ನಷ್ಟು, ಅಂದರೆ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 6,400 ಪಟ್ಟು ಒತ್ತಿದರೆ ಒಮ್ಮೆಲೇ ಹೊನ್ನಿನ ಬಣ್ಣಕ್ಕೆ ತಿರುಗುತ್ತದೆ. ಅಮೆರಿಕದ ಬೆಲ್ ಪ್ರಯೋಗಾಲಯದವರು 1970ರಲ್ಲಿ ಇದನ್ನು ವರದಿ ಮಾಡಿದರು. ಅಲ್ಲಿಂದೀಚೆಗೆ ಈ ಹರಳು ರಸಾಯನಶಾಸ್ತ್ರದ ಎರಡು ಹಳೆಯ ಕಲ್ಪನೆಗಳನ್ನು ಕೆಣಕುತ್ತಲೇ ಇದೆ. ಭೌತ ಬದಲಾವಣೆಗೂ ರಾಸಾಯನಿಕ ಬದಲಾವಣೆಗೂ ನಡುವಿನ ಗೆರೆ ಎಲ್ಲಿದೆ? ಪರಮಾಣುವಿನ ವೇಲೆನ್ಸಿ ಪೂರ್ಣಾಂಕವೇ ಆಗಿರಬೇಕೆ?

ಇಲ್ಲಿ ಮಾತಾಡುವವರು ಇಬ್ಬರು. ಒಬ್ಬರು ಪಿಯು ಕಾಲೇಜಿನಲ್ಲಿ ಬಹಳ ವರ್ಷ ರಸಾಯನಶಾಸ್ತ್ರ ಕಲಿಸಿ ನಿವೃತ್ತರಾದ ಮೇಷ್ಟ್ರು. ಇನ್ನೊಬ್ಬಳು ಅವರ ಹಳೆಯ ವಿದ್ಯಾರ್ಥಿನಿ, ಈಗ ಘನವಸ್ತುಗಳ ಸಂಶೋಧಕಿ. ಇಬ್ಬರ ವಾದದಲ್ಲೂ ಬಿಡಲಾಗದ್ದು ಏನೋ ಇದೆ ಅನ್ನಿಸಿ, ಯಾರದ್ದನ್ನೂ ಮೊಟಕು ಮಾಡದೆ ಬರೆದಿದ್ದೇನೆ.

ಮೇಷ್ಟ್ರು: ಮೊದಲು ಇಷ್ಟು ಹೇಳಮ್ಮ. ಒತ್ತಿದರೆ ಹೊನ್ನಾಗುತ್ತೆ ಅಂದೆ. ಒತ್ತಡ ತೆಗೆದರೆ?

ಸಂಶೋಧಕಿ: ಮತ್ತೆ ಕಪ್ಪಾಗುತ್ತೆ ಸರ್. ಆದರೆ ಏರುವಾಗ ಬದಲಾದ ಒತ್ತಡದಲ್ಲೇ ಅಲ್ಲ, ಅದಕ್ಕಿಂತ ಕೆಳಗೆ ಇಳಿದ ಮೇಲೆ.

ಮೇಷ್ಟ್ರು: ಈ ನಡುವೆ ಏನಾದರೂ ಹೊರಗೆ ಹೋಯಿತಾ? ಗಂಧಕ ಬಿಟ್ಟುಹೋಯಿತಾ, ಗಾಳಿಯಿಂದ ಆಮ್ಲಜನಕ ಸೇರಿತಾ?

ಸಂಶೋಧಕಿ: ಏನೂ ಇಲ್ಲ.

ಮೇಷ್ಟ್ರು: ಪರಮಾಣುಗಳ ಜೋಡಣೆ?

ಸಂಶೋಧಕಿ: ಅದೂ ಅದೇ. ಅಡುಗೆ ಉಪ್ಪಿನ ಜೋಡಣೆ. ಪ್ರತಿ ಸಮೇರಿಯಮ್ ಸುತ್ತ ಆರು ಗಂಧಕ, ಪ್ರತಿ ಗಂಧಕದ ಸುತ್ತ ಆರು ಸಮೇರಿಯಮ್. ಕಪ್ಪಾಗಿದ್ದಾಗಲೂ ಹಾಗೇ, ಹೊನ್ನಾದಾಗಲೂ ಹಾಗೇ. ಘನಕೋಶದ ಅಂಚು ಮಾತ್ರ 5.97 ಆಂಗ್‌ಸ್ಟ್ರಾಮ್ ಇದ್ದದ್ದು ಸುಮಾರು 5.70ಕ್ಕೆ ಕುಗ್ಗುತ್ತೆ.

ಮೇಷ್ಟ್ರು: ಹಾಗಾದರೆ ಇದರಲ್ಲಿ ಚರ್ಚೆಗೆ ಏನಿದೆ? ಹೊಸ ವಸ್ತು ಹುಟ್ಟಲಿಲ್ಲ, ಹಳೆಯದು ಅಳಿಯಲಿಲ್ಲ, ಹಿಂದಕ್ಕೆ ತರಬಹುದು. ಭೌತ ಬದಲಾವಣೆ. ಮಂಜುಗಡ್ಡೆ ಕರಗುವುದಕ್ಕಿಂತಲೂ ಸರಳ. ಅಲ್ಲಿ ಜೋಡಣೆಯಾದರೂ ಮುರಿದುಬೀಳುತ್ತೆ.

ಸಂಶೋಧಕಿ: ಗ್ರಾಫೈಟ್ ವಜ್ರವಾಗುವುದನ್ನು ಏನಂತೀರಿ ಸರ್? ಅಲ್ಲೂ ಹೊಸ ಧಾತು ಸೇರಲ್ಲ.

ಮೇಷ್ಟ್ರು: ಅದನ್ನು ರಾಸಾಯನಿಕ ಅಂತ ಒಪ್ಪಿಕೊಳ್ಳುತ್ತೇನೆ. ಗ್ರಾಫೈಟಿನಲ್ಲಿ ಒಂದು ಕಾರ್ಬನ್ ಮೂರು ನೆರೆಯವರ ಜೊತೆ ಬಂಧ ಹಾಕಿಕೊಂಡಿರುತ್ತೆ, ವಜ್ರದಲ್ಲಿ ನಾಲ್ವರ ಜೊತೆ. ಹಳೆಯ ಬಂಧ ಹೋಗಿ ಹೊಸದು ಬಂತು. ನಿನ್ನ ಹರಳಲ್ಲಿ ಆರು ನೆರೆಯವರು ಆರಾಗಿಯೇ ಇದ್ದಾರೆ.

ಸಂಶೋಧಕಿ: ನೆರೆಯವರು ಅವರೇ, ಆದರೆ ನಡುವಿನ ಪರಮಾಣು ಅದೇ ಆಗಿ ಉಳಿದಿಲ್ಲ. ಅಂಚು 5.97ರಿಂದ 5.70 ಅಂದರೆ ಗಾತ್ರದಲ್ಲಿ ಶೇಕಡ 13ರಷ್ಟು ಇಳಿಕೆ. 6.5 ಕಿಲೊಬಾರ್ ಒತ್ತಡದ ಬಲ ಒಂದರಿಂದಲೇ ಇಂಥ ಹರಳು ಕುಗ್ಗುವುದು ಶೇಕಡ ಒಂದೆರಡು ಮಾತ್ರ. ಉಳಿದ ಕುಗ್ಗುವಿಕೆ ಎಲ್ಲಿಂದ ಬಂತು?

ಮೇಷ್ಟ್ರು: ನೀನೇ ಹೇಳು.

ಸಂಶೋಧಕಿ: ಸಮೇರಿಯಮ್ ಅಯಾನೇ ಚಿಕ್ಕದಾಯಿತು. ಕಪ್ಪು ಹರಳಲ್ಲಿ ಅದು ಎರಡು ಇಲೆಕ್ಟ್ರಾನ್ ಗಂಧಕಕ್ಕೆ ಕೊಟ್ಟು ತನ್ನ 4ಎಫ್ ಕಕ್ಷಕದಲ್ಲಿ ಆರನ್ನು ಇಟ್ಟುಕೊಂಡಿರುತ್ತೆ. ಈ ಎಫ್ ಇಲೆಕ್ಟ್ರಾನ್‌ಗಳು ಪರಮಾಣುವಿನ ಒಳಗಡೆ ಹುದುಗಿರುವಂಥವು, ನೆರೆಯ ಪರಮಾಣುಗಳ ಜೊತೆ ವ್ಯವಹಾರ ಕಡಿಮೆ. ಅದಕ್ಕೆ ಸ್ವಲ್ಪವೇ ಮೇಲೆ 5ಡಿ ಮಟ್ಟ ಇದೆ. ಅಂತರ ಬಹಳ ಸಣ್ಣದು, ಒಂದು ಇಲೆಕ್ಟ್ರಾನ್-ವೋಲ್ಟಿನ ಹತ್ತನೇ ಒಂದೆರಡು ಭಾಗ. ಒತ್ತಿದಾಗ ಗಂಧಕಗಳು ಹತ್ತಿರ ಬರುತ್ತವೆ, 5ಡಿ ಮಟ್ಟ ಅಗಲವಾಗಿ ಹರಡಿ ಕೆಳಗಿಳಿಯುತ್ತೆ, ಎಫ್ ಮಟ್ಟವನ್ನು ಮುಟ್ಟುತ್ತೆ. ಒಂದು ಎಫ್ ಇಲೆಕ್ಟ್ರಾನ್ ಅಲ್ಲಿಗೆ ಜಾರುತ್ತೆ. ಒಳಗಿದ್ದ ಒಂದು ಹೊರಟರೆ ಉಳಿದವುಗಳ ಮೇಲೆ ನ್ಯೂಕ್ಲಿಯಸ್ಸಿನ ಸೆಳೆತ ಹೆಚ್ಚುತ್ತೆ, ಅಯಾನು ಕುಗ್ಗುತ್ತೆ. ಕುಗ್ಗಿದ್ದರಿಂದ ಗಂಧಕ ಇನ್ನೂ ಹತ್ತಿರ, ಹತ್ತಿರ ಬಂದದ್ದರಿಂದ ಇನ್ನಷ್ಟು ಜಾರುವಿಕೆ. ಅದಕ್ಕೇ ಇದು ಮೆಲ್ಲಗೆ ಆಗಲ್ಲ, ಒಂದೇ ನೆಗೆತ. ಇದೇ ಸಮೇರಿಯಮ್ಮಿಗೆ ಗಂಧಕದ ಬದಲು ಸೆಲೀನಿಯಮ್ಮೋ ಟೆಲ್ಲೂರಿಯಮ್ಮೋ ಸೇರಿದ್ದರೆ ಬದಲಾವಣೆ ನಿಧಾನವಾಗಿ, ಇನ್ನೂ ಹೆಚ್ಚಿನ ಒತ್ತಡದಲ್ಲಿ ಆಗುತ್ತೆ. ಜಾರಿದ ಇಲೆಕ್ಟ್ರಾನ್ ಹರಳಿಡೀ ಓಡಾಡುತ್ತೆ. ಅರೆವಾಹಕವಾಗಿದ್ದದ್ದು ಲೋಹದಂತೆ ವಿದ್ಯುತ್ ಹರಿಸುತ್ತೆ, ಆ ಓಡಾಡುವ ಇಲೆಕ್ಟ್ರಾನ್‌ಗಳೇ ಹಳದಿ ಕೆಂಪನ್ನು ಹಿಂದಕ್ಕೆ ಎಸೆದು ಹೊನ್ನಿನ ಬಣ್ಣ ಕೊಡುತ್ತವೆ. ವೇಲೆನ್ಸಿ 2 ಇದ್ದದ್ದು 3ರ ಕಡೆ ಹೊರಟಿತು ಸರ್. ವೇಲೆನ್ಸಿ ಬದಲಾದರೆ ಅದು ರಸಾಯನಶಾಸ್ತ್ರ ಅಲ್ಲವಾ? ಆ ಪಾಠ ಮಾಡಿದ್ದು ನೀವೇ.

ಮೇಷ್ಟ್ರು: ಹೌದು, ಮಾಡಿದ್ದೇನೆ. ಆದರೆ ಯಾವುದಕ್ಕೆ ಕೊಟ್ಟಿತು? ಸೋಡಿಯಮ್ ಕ್ಲೋರಿನ್‌ಗೆ ಕೊಡುತ್ತೆ, ಕಬ್ಬಿಣ ಆಮ್ಲಜನಕಕ್ಕೆ ಕೊಡುತ್ತೆ. ಉತ್ಕರ್ಷಣ ಆಯಿತು ಅಂದರೆ ಇನ್ನೊಂದು ಕಡೆ ಅಪಕರ್ಷಣ ಆಗಲೇಬೇಕು. ನಿನ್ನ ಸಮೇರಿಯಮ್ ಬಿಟ್ಟ ಇಲೆಕ್ಟ್ರಾನನ್ನು ಗಂಧಕ ತೆಗೆದುಕೊಂಡಿತಾ?

ಸಂಶೋಧಕಿ: ಇಲ್ಲ. ಗಂಧಕ ಆಗಲೇ ಎರಡು ತುಂಬಿಕೊಂಡಿದೆ.

ಮೇಷ್ಟ್ರು: ಹಾಗಿದ್ದರೆ ತೆಗೆದುಕೊಂಡವರು ಯಾರು?

ಸಂಶೋಧಕಿ: ಹರಳು. ಇಡೀ ಹರಳು ಒಟ್ಟಾಗಿ. ನಿಮ್ಮ ಪ್ರಶ್ನೆ ಕಷ್ಟದ್ದೇ, ಒಪ್ಪುತ್ತೇನೆ. ಕೊಟ್ಟ ಪರಮಾಣು ತೋರಿಸಬಹುದು, ಪಡೆದ ಪರಮಾಣು ತೋರಿಸಲಾಗಲ್ಲ.

ಮೇಷ್ಟ್ರು: ಇನ್ನೂ ಒಂದಿದೆ. ವೇಲೆನ್ಸಿ ಅನ್ನುವುದನ್ನು ಮೊದಲು ಕಂಡುಕೊಂಡದ್ದು ತೂಕದಿಂದ. ಯಾವುದು ಯಾವುದರ ಜೊತೆ ಎಷ್ಟಕ್ಕೆ ಎಷ್ಟು ಸೇರುತ್ತೆ ಅನ್ನುವುದರಿಂದ. ಇಲ್ಲಿ ಸಮೇರಿಯಮ್ ಒಂದಕ್ಕೆ ಗಂಧಕ ಒಂದು. ಕಪ್ಪಾಗಿದ್ದಾಗಲೂ ಒಂದಕ್ಕೊಂದು, ಹೊನ್ನಾದಾಗಲೂ ಒಂದಕ್ಕೊಂದು. ಆ ಲೆಕ್ಕದಲ್ಲಿ ವೇಲೆನ್ಸಿ ಎರಡೇ. ಬದಲಾಗಲೇ ಇಲ್ಲ.

ಸಂಶೋಧಕಿ: ಆ ಲೆಕ್ಕ ಹಿಡಿದರೆ ಲ್ಯಾಂಥನಮ್ ಮೊನೊಸಲ್ಫೈಡಿನಲ್ಲಿ ಲ್ಯಾಂಥನಮ್ ವೇಲೆನ್ಸಿಯೂ ಎರಡಾಗಬೇಕು. ಅಲ್ಲೂ ಒಂದಕ್ಕೊಂದೇ. ಆದರೆ ಅದು ಹುಟ್ಟಿನಿಂದಲೇ ಹೊನ್ನಿನ ಬಣ್ಣ, ಹುಟ್ಟಿನಿಂದಲೇ ಲೋಹದಂತೆ ವಾಹಕ. ಸೀರಿಯಮ್, ನಿಯೋಡೈಮಿಯಮ್, ಗ್ಯಾಡೊಲಿನಿಯಮ್ ಮೊನೊಸಲ್ಫೈಡ್‌ಗಳೂ ಹಾಗೇ. ಲೋಹ ಮೂರು ಬಿಟ್ಟಿದೆ, ಗಂಧಕ ಎರಡು ತೆಗೆದುಕೊಂಡಿದೆ, ಒಂದು ಹರಳಲ್ಲಿ ಓಡಾಡಿಕೊಂಡಿದೆ. ಈ ಅಪರೂಪದ ಭೂಲೋಹಗಳ ಸಾಲಿನಲ್ಲಿ ಎರಡಕ್ಕೇ ನಿಂತು ಕಪ್ಪಾಗಿ ಉಳಿಯುವ ಮೊನೊಸಲ್ಫೈಡ್‌ಗಳು ಮುಖ್ಯವಾಗಿ ಮೂರು. ಯುರೋಪಿಯಮ್ಮಿನದು, ಯಟರ್ಬಿಯಮ್ಮಿನದು, ಸಮೇರಿಯಮ್ಮಿನದು. ಯುರೋಪಿಯಮ್ಮಿಗೆ ಕಾರಣ ಇದೆ. ಎರಡು ಕೊಟ್ಟಾಗ ಎಫ್‌ನಲ್ಲಿ ಏಳು ಉಳಿದು ಕಕ್ಷಕ ಸರಿಯಾಗಿ ಅರ್ಧ ತುಂಬಿರುತ್ತೆ. ಯಟರ್ಬಿಯಮ್ಮಿಗೆ ಹದಿನಾಲ್ಕು, ಪೂರ್ತಿ ತುಂಬಿರುತ್ತೆ. ಸಮೇರಿಯಮ್ಮಿಗೆ ಆರು. ಅರ್ಧಕ್ಕೆ ಒಂದು ಕಡಿಮೆ. ಅಂಚಿನಲ್ಲಿ ನಿಂತ ಧಾತು. ಅದಕ್ಕೇ ಇಷ್ಟು ಕಡಿಮೆ ಒತ್ತಡಕ್ಕೆ ಮಗುಚುತ್ತೆ.

ಮೇಷ್ಟ್ರು: ಅಂಚಿನಲ್ಲಿ ನಿಂತಿದೆ ಅನ್ನುವುದು ಸರಿ. ಎಷ್ಟು ಅಂಚಿನಲ್ಲಿ?

ಸಂಶೋಧಕಿ: ಹರಳಿನ ಮೇಲ್ಮೈಯನ್ನು ಪಾಲಿಶ್ ಮಾಡಿದರೆ ಸಾಕು ಸರ್, ಉಜ್ಜಿದ ಕಡೆ ಹೊನ್ನಿನ ಪದರ ಏಳುತ್ತೆ. ಪ್ರೆಸ್ ಬೇಡ, ವಜ್ರದ ಅಡೆಗಲ್ಲು ಬೇಡ. ಉಜ್ಜಿದಾಗ ಮೇಲ್ಪದರದಲ್ಲಿ ಉಳಿಯುವ ಬಿಗುವೇ ಸಾಕಾಗುತ್ತೆ. ಕಾಯಿಸಿದರೆ ಬಿಗು ಸಡಿಲವಾಗಿ ಮತ್ತೆ ಕಪ್ಪು.

ಇಲ್ಲಿ ಮೇಷ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದ್ದು ಹರಳನ್ನು ಮಾಡುವ ಬಗೆ. ಅವಳು ಹೇಳಿದ್ದು ಚುಟುಕಾಗಿ ಹೀಗೆ: ಸಮೇರಿಯಮ್ ಲೋಹವನ್ನೂ ಗಂಧಕವನ್ನೂ ಗಾಳಿ ತೆಗೆದ ಸ್ಫಟಿಕಗಾಜಿನ ಕೊಳವೆಯಲ್ಲಿ ಮುಚ್ಚಿ ಬಹಳ ನಿಧಾನವಾಗಿ ಕಾಯಿಸಬೇಕು. ಗಂಧಕ 445 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವುದರಿಂದ ಅವಸರ ಮಾಡಿದರೆ ಕೊಳವೆ ಸಿಡಿಯುತ್ತದೆ. ಎಲ್ಲ ಗಂಧಕ ಕೂಡಿಕೊಂಡ ಮೇಲೆ ಸಿಕ್ಕಿದ್ದನ್ನು ಟ್ಯಾಂಟಲಮ್‌ನಂಥ ಲೋಹದ ಮೂಸೆಯಲ್ಲಿ ಬೆಸುಗೆ ಹಾಕಿ ಮುಚ್ಚಿ, ಎರಡು ಸಾವಿರ ಡಿಗ್ರಿಯ ಆಸುಪಾಸಿಗೆ ಕಾಯಿಸಿ ಹರಳು ಬೆಳೆಸುತ್ತಾರೆ. ಗಂಧಕ ಒಂಚೂರು ಹೆಚ್ಚಾದರೆ ಬೇರೆ ಸಲ್ಫೈಡ್‌ಗಳು ಹುಟ್ಟಿಕೊಳ್ಳುತ್ತವೆ. ಅವುಗಳಲ್ಲಿ ಒಂದು ಈ ವಾದಕ್ಕೆ ಮುಂದೆ ಬೇಕಾಗುತ್ತದೆ.

ಮೇಷ್ಟ್ರು: ಇದನ್ನು ಮೊದಲು ಒತ್ತಿ ನೋಡಿದವರು ಯಾರು?

ಸಂಶೋಧಕಿ: ಎ. ಜಯರಾಮನ್ ಮತ್ತು ಅವರ ಸಂಗಡಿಗರು. ನಮ್ಮ ಊರಿಗೂ ಸಂಬಂಧ ಇದೆ. ಅಮೆರಿಕಕ್ಕೆ ಹೋಗುವ ಮೊದಲು, 1950ರ ದಶಕದಲ್ಲಿ, ಅವರು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಜೊತೆ ಕೆಲಸ ಮಾಡುತ್ತಿದ್ದರು. ಲ್ಯಾಬ್ರಡೊರೈಟ್, ಓಪಲ್‌ನಂಥ ಬಣ್ಣ ಮಿನುಗುವ ಕಲ್ಲುಗಳಲ್ಲಿ ಆ ಬಣ್ಣ ಎಲ್ಲಿಂದ ಬರುತ್ತೆ ಅಂತ ಇಬ್ಬರೂ ಸೇರಿ ಪ್ರಬಂಧ ಬರೆದಿದ್ದಾರೆ. ಮುಂದೆ ರಾಮನ್ ಅವರ ಜೀವನದ ಬಗ್ಗೆಯೂ ಜಯರಾಮನ್ ಪುಸ್ತಕ ಬರೆದರು.

ಮೇಷ್ಟ್ರು: ಕಲ್ಲಿನ ಬಣ್ಣ ನೋಡಿ ಒಳಗಿನ ರಚನೆ ಓದುವುದು ರಾಮನ್ ಅವರ ಹಾದಿ. ಅದೇ ಹಾದಿಯಲ್ಲಿ ಪಳಗಿದ ಕಣ್ಣಿಗೆ ಈ ಹರಳು ಸಿಕ್ಕಿದ್ದು ಬಹಳ ಸಂತೋಷದ ವಿಷಯ. ಆದರೆ ಲ್ಯಾಬ್ರಡೊರೈಟಿನ ಬಣ್ಣ ಬೆಳಕು ಪದರಗಳಲ್ಲಿ ಚದುರಿ ಹುಟ್ಟಿದ್ದು. ಅದನ್ನು ಯಾರೂ ರಸಾಯನಶಾಸ್ತ್ರ ಅನ್ನಲ್ಲ. ಬಣ್ಣ ಬದಲಾಯಿತು ಅನ್ನುವುದು ನಿನಗೆ ಸಾಕ್ಷಿ ಆಗಲ್ಲ.

ಸಂಶೋಧಕಿ: ಬಣ್ಣ ಬೇಡ, ಗಾತ್ರ ನೋಡಿ. ಸಮೇರಿಯಮ್ ಪೂರ್ತಿ ಎರಡು ಕೊಟ್ಟಿದ್ದರೆ ಅಂಚು 5.97. ಅಕ್ಕಪಕ್ಕದ ಧಾತುಗಳ ಮೊನೊಸಲ್ಫೈಡ್‌ಗಳನ್ನು ನೋಡಿ ಅಂದಾಜು ಮಾಡಿದರೆ, ಪೂರ್ತಿ ಮೂರು ಕೊಟ್ಟಿದ್ದಾಗ ಸುಮಾರು 5.62 ಇರಬೇಕು. ಹೊನ್ನಿನ ಹರಳಲ್ಲಿ ಸಿಕ್ಕಿದ್ದು 5.70.

ಮೇಷ್ಟ್ರು: ಒಟ್ಟು ವ್ಯತ್ಯಾಸ 0.35. ಇಳಿದದ್ದು 0.27. ಭಾಗಿಸಿದರೆ... 0.77. ಅಂದರೆ ವೇಲೆನ್ಸಿ 2.77?

ಸಂಶೋಧಕಿ: ಹೌದು. ಎಕ್ಸ್-ಕಿರಣ ಹೀರಿಕೆಯಿಂದಲೂ ಅಳೆದಿದ್ದಾರೆ. ಯಾವ ವಿಧಾನ, ಎಷ್ಟು ಒತ್ತಡ ಅನ್ನುವುದರ ಮೇಲೆ 2.6ರಿಂದ 2.8ರ ನಡುವೆ ಬರುತ್ತೆ. ಒಂದು ಕಡೆ ಎರಡಲ್ಲ, ಇನ್ನೊಂದು ಕಡೆ ಮೂರೂ ಅಲ್ಲ.

ಮೇಷ್ಟ್ರು: ಇದರಲ್ಲಿ ಹೊಸದೇನಮ್ಮ? ಮ್ಯಾಗ್ನಟೈಟ್ ಇಲ್ಲವಾ, ಕಬ್ಬಿಣ ಮೂರು, ಆಮ್ಲಜನಕ ನಾಲ್ಕು. ಸರಾಸರಿ ತೆಗೆದರೆ ಕಬ್ಬಿಣ 2.67. ಆದರೆ ಯಾವ ಕಬ್ಬಿಣದ ಪರಮಾಣುವೂ 2.67 ಅಲ್ಲ. ಒಂದು ಪಾಲು 2, ಎರಡು ಪಾಲು 3. ನಿನ್ನ ಹರಳಲ್ಲೂ ನೂರು ಸಮೇರಿಯಮ್ಮಿನಲ್ಲಿ 77 ಮೂರರವು, 23 ಎರಡರವು. ಸರಾಸರಿಯನ್ನು ಪರಮಾಣುವಿನ ಗುಣ ಅಂತ ಹೇಳಿ ಮಕ್ಕಳನ್ನು ಗೊಂದಲಕ್ಕೆ ಹಾಕಬಾರದು.

ಸಂಶೋಧಕಿ: ನೀವು ಹೇಳುವ ಜಾತಿಯ ಸಲ್ಫೈಡೂ ಇದೆ ಸರ್. ಸಮೇರಿಯಮ್ ಮೂರಕ್ಕೆ ಗಂಧಕ ನಾಲ್ಕು. ಅದೇ ಸೂತ್ರದ ಯುರೋಪಿಯಮ್ ಸಲ್ಫೈಡನ್ನು ಮಾಸ್‌ಬೌವರ್ ವಿಧಾನದಲ್ಲಿ, ಅಂದರೆ ನ್ಯೂಕ್ಲಿಯಸ್ ಗಾಮಾ ಕಿರಣ ಹೀರುವುದನ್ನು ಅಳೆದು, ನೋಡಿದ್ದಾರೆ. ತಣ್ಣಗಿದ್ದಾಗ ಎರಡು ಬೇರೆ ಬೇರೆ ರೇಖೆ, ಒಂದು ವೇಲೆನ್ಸಿ 2ರದ್ದು, ಇನ್ನೊಂದು 3ರದ್ದು. ಬಿಸಿ ಮಾಡುತ್ತಾ ಹೋದರೆ ಇಲೆಕ್ಟ್ರಾನ್ ಒಂದು ಪರಮಾಣುವಿನಿಂದ ಇನ್ನೊಂದಕ್ಕೆ ಬೇಗ ಬೇಗ ನೆಗೆಯಲು ಶುರುಮಾಡಿ, ಎರಡು ರೇಖೆ ಕೂಡಿ ಒಂದಾಗುತ್ತೆ. ಅಲ್ಲಿ ನಿಮ್ಮ ಮಾತು ಪೂರ್ತಿ ಸರಿ. ಹೊನ್ನಿನ ಸಮೇರಿಯಮ್ ಸಲ್ಫೈಡಿನಲ್ಲಿ ಮಾತ್ರ ಒಂದೇ ರೇಖೆ. 2ರ ಜಾಗದಲ್ಲಿಲ್ಲ, 3ರ ಜಾಗದಲ್ಲಿಲ್ಲ, ನಡುವೆ. ಎಷ್ಟು ತಣ್ಣಗೆ ಮಾಡಿದರೂ ಅದು ಎರಡಾಗಿ ಒಡೆಯಲ್ಲ. ಪ್ರತಿ ಸಮೇರಿಯಮ್ಮೂ ಪಕ್ಕದ ಸಮೇರಿಯಮ್ಮಿನ ಹಾಗೇ ಇದೆ.

ಮೇಷ್ಟ್ರು: ಮಾಸ್‌ಬೌವರ್ ನೋಡುವುದಕ್ಕೆ ಎಷ್ಟು ಹೊತ್ತು ಬೇಕು?

ಸಂಶೋಧಕಿ: ಸೆಕೆಂಡಿನ ನೂರು ಕೋಟಿಯಲ್ಲಿ ಕೆಲವು ಭಾಗ.

ಮೇಷ್ಟ್ರು: ಇಲೆಕ್ಟ್ರಾನಿಗೆ ಅದು ಬಹಳ ದೊಡ್ಡ ಅವಧಿ. ಅದಕ್ಕಿಂತ ವೇಗವಾಗಿ ನೋಡುವ ವಿಧಾನ ಇಲ್ಲವಾ?

ಸಂಶೋಧಕಿ: ಇದೆ. ಎಕ್ಸ್-ಕಿರಣ ಹಾಯಿಸಿ ಎಫ್ ಇಲೆಕ್ಟ್ರಾನನ್ನೇ ಹೊರಗೆ ಕೀಳುವುದು, ಫೋಟೊ ಎಮಿಷನ್. ಅದು ಸೆಕೆಂಡಿನ ಹತ್ತು ಲಕ್ಷ ಕೋಟಿ ಭಾಗಕ್ಕಿಂತಲೂ ಎಷ್ಟೋ ಚಿಕ್ಕ ಅವಧಿಯಲ್ಲಿ ಮುಗಿಯುತ್ತೆ.

ಮೇಷ್ಟ್ರು: ಅದರಲ್ಲಿ ಏನು ಕಂಡಿತು?

ಸಂಶೋಧಕಿ: ಎರಡು ಗುಂಪು ರೇಖೆಗಳು. ಒಂದು ಗುಂಪು ಆರು ಎಫ್ ಇಲೆಕ್ಟ್ರಾನ್ ಇದ್ದ ಸ್ಥಿತಿಯಿಂದ, ಇನ್ನೊಂದು ಐದು ಇದ್ದ ಸ್ಥಿತಿಯಿಂದ.

ಮೇಷ್ಟ್ರು: ನೋಡಿದೆಯಾ! ತಿರುಗುವ ಫ್ಯಾನು ಕಣ್ಣಿಗೆ ತಟ್ಟೆಯ ಹಾಗೆ ಕಾಣುತ್ತೆ. ವೇಗದ ಕ್ಯಾಮೆರಾದಲ್ಲಿ ಹಿಡಿದರೆ ಮೂರು ರೆಕ್ಕೆ. ರೆಕ್ಕೆ ಇರುವುದು ನಿಜ, ತಟ್ಟೆ ಕಂಡದ್ದು ಕಣ್ಣು ನಿಧಾನ ಆಗಿದ್ದಕ್ಕೆ. ಹಾಗೇ 2 ನಿಜ, 3 ನಿಜ. 2.77 ಅನ್ನುವುದು ಉಪಕರಣ ನಿಧಾನವಾಗಿ ನೋಡಿದ್ದರ ಫಲ.

ಸಂಶೋಧಕಿ: ಫ್ಯಾನಿನ ಸ್ವಿಚ್ ಆರಿಸಿದರೆ ರೆಕ್ಕೆ ನಿಲ್ಲುತ್ತೆ ಸರ್. ಯುರೋಪಿಯಮ್ ಸಲ್ಫೈಡನ್ನು ತಣಿಸಿದಾಗ ಇಲೆಕ್ಟ್ರಾನ್ ನಿಂತಿತು, ಎರಡು ರೇಖೆ ಕಂಡವು. ಅದು ನಿಮ್ಮ ಫ್ಯಾನೇ. ಹೊನ್ನಿನ ಹರಳನ್ನು ನಿರಪೇಕ್ಷ ಶೂನ್ಯದ ಹತ್ತಿರಕ್ಕೆ ಒಯ್ದರೂ ನಿಲ್ಲುವುದು ಏನೂ ಇಲ್ಲ. ಶಾಖದಿಂದ ನಡೆಯುತ್ತಿರುವ ನೆಗೆತ ಅಲ್ಲ ಅದು. ಆರು ಎಫ್ ಇಲೆಕ್ಟ್ರಾನಿನ ಸ್ಥಿತಿಯೂ ಐದರ ಸ್ಥಿತಿಯೂ ಒಂದರೊಳಗೊಂದು ಬೆರೆತದ್ದೇ ಆ ಪರಮಾಣುವಿನ ಅತಿ ಕಡಿಮೆ ಶಕ್ತಿಯ ಸ್ಥಿತಿ. ಈಗ 2, ಇನ್ನೊಂದು ಗಳಿಗೆಗೆ 3 ಅಂತ ಹೇಳುವುದಕ್ಕೆ ಅಲ್ಲಿ ಆಸ್ಪದವೇ ಇಲ್ಲ.

ಮೇಷ್ಟ್ರು: ಆದರೂ ಕೇಳಿದಾಗ ಅದು ಕೊಟ್ಟ ಉತ್ತರ ನೋಡು. ಫೋಟೊ ಎಮಿಷನ್ ಪ್ರಶ್ನೆ ಕೇಳಿದಾಗ ಒಂದು ಪರಮಾಣುವೂ 2.77 ಅನ್ನಲಿಲ್ಲ. 2 ಅಂದಿತು ಇಲ್ಲವೇ 3 ಅಂದಿತು. ಅದಕ್ಕೆ ಪೂರ್ಣಾಂಕದಲ್ಲೇ ಉತ್ತರ ಕೊಡಲು ಗೊತ್ತಿರುವುದು.

ಸಂಶೋಧಕಿ: ನಾವು ಹಾಗೆ ಕೇಳಿದ್ದರಿಂದ. ಒಂದು ಇಡೀ ಇಲೆಕ್ಟ್ರಾನನ್ನು ಕಿತ್ತುಕೊಳ್ಳುವ ಪ್ರಯೋಗದಲ್ಲಿ ಇಡೀ ಸಂಖ್ಯೆಯೇ ಬರುತ್ತೆ. ಏನನ್ನೂ ಕೀಳದೆ ನೋಡಿದ ಅಳತೆ ನಡುವಿನ ಸಂಖ್ಯೆ ಕೊಟ್ಟಿತು.

ನಡುವೆ ನನ್ನದೊಂದು ಮಾತು. ಇಷ್ಟು ದೂರ ಬಂದಾಗ ಮೇಷ್ಟ್ರ ಹಟ ಬರಿಯ ಹಳೆಯ ಪಾಠದ ಮೇಲಿನ ಮಮತೆ ಅಂತ ಯಾರಿಗಾದರೂ ಅನ್ನಿಸಬಹುದು. ನನಗೆ ಹಾಗೆ ಅನ್ನಿಸಲಿಲ್ಲ. ಒಂದು ಪರಮಾಣು ಇಷ್ಟೇ ಕೊಡುತ್ತದೆ, ಇಷ್ಟೇ ತೆಗೆದುಕೊಳ್ಳುತ್ತದೆ ಎಂಬ ಪೂರ್ಣಾಂಕದ ಶಿಸ್ತಿನಿಂದಲೇ ರಸಾಯನಶಾಸ್ತ್ರ ರಸವಾದದಿಂದ ಬಿಡಿಸಿಕೊಂಡದ್ದು, ಗೊಬ್ಬರದಿಂದ ಔಷಧಿಯವರೆಗೆ ಎಲ್ಲವನ್ನೂ ತೂಗಿ ಮಾಡುವಂತಾದದ್ದು. ಒಂದು ಕಪ್ಪು ಹರಳಿಗಾಗಿ ಅದನ್ನು ಸಡಿಲಿಸುವ ಮೊದಲು ಗಟ್ಟಿ ಸಾಕ್ಷಿ ಕೇಳುವುದು ಮೇಷ್ಟ್ರ ಹಕ್ಕು, ಕರ್ತವ್ಯವೂ ಹೌದು. ಅವಳಿಗೂ ಅದು ಗೊತ್ತಿತ್ತು. ಅದಕ್ಕೇ ಮುಂದಿನ ಮಾತಿಗೆ ಅಯಸ್ಕಾಂತದ ಗುಣವನ್ನು ಆರಿಸಿಕೊಂಡಳು.

ಸಂಶೋಧಕಿ: ನಿಮ್ಮ ಲೆಕ್ಕವನ್ನೇ ಪರೀಕ್ಷೆಗೆ ಹಾಕೋಣ. ಎರಡರ ಸಮೇರಿಯಮ್ ಅಯಾನಿನಲ್ಲಿ ಆರು ಎಫ್ ಇಲೆಕ್ಟ್ರಾನ್‌ಗಳ ತಿರುಗಣೆಯೂ ಕಕ್ಷೆಯ ಚಲನೆಯೂ ಒಂದನ್ನೊಂದು ರದ್ದು ಮಾಡಿ, ತಳದ ಸ್ಥಿತಿಯಲ್ಲಿ ಕಾಂತಗುಣ ಸೊನ್ನೆ. ಮೂರರ ಅಯಾನಿಗೆ ಕಾಂತಗುಣ ಇದೆ. ನೂರರಲ್ಲಿ 77 ಮೂರರವು ಅನ್ನುವುದಾದರೆ, ಹೊನ್ನಿನ ಹರಳನ್ನು ತಣಿಸಿದಾಗ ಏನಾಗಬೇಕು?

ಮೇಷ್ಟ್ರು: ಆ 77ರ ಕಾಂತಗುಣ ಕಾಣಬೇಕು. ತಣ್ಣಗಾದಷ್ಟೂ ಬಲವಾಗಬೇಕು. ಸಾಕಷ್ಟು ತಣಿದ ಮೇಲೆ ಅವೆಲ್ಲ ಒಂದು ಕ್ರಮಕ್ಕೆ ಬಂದು ನಿಲ್ಲಬೇಕು.

ಸಂಶೋಧಕಿ: 1971ರಲ್ಲಿ ಮೇಪಲ್ ಮತ್ತು ವೋಲ್‌ಲೆಬೆನ್ ಅಳೆದರು. ಹಾಗಾಗಲಿಲ್ಲ. ತಣಿಸುತ್ತಾ ಹೋದಂತೆ ಏರಿಕೆ ನಿಂತು ಸಮತಟ್ಟಾಯಿತು, ಕ್ರಮವೂ ಮೂಡಲಿಲ್ಲ. 77 ಸಣ್ಣ ಅಯಸ್ಕಾಂತಗಳು ಅಲ್ಲಿ ಇಲ್ಲ.

ಮೇಷ್ಟ್ರು: ಹ್ಞಂ. ಇದು ಗಟ್ಟಿ ಸಾಕ್ಷಿ. 77 ಮತ್ತು 23 ಅಂತ ಎರಡು ಗುಂಪು ಮಾಡಿದ್ದನ್ನು ವಾಪಸ್ ತೆಗೆದುಕೊಳ್ಳುತ್ತೇನೆ. ಆದರೆ ಭೌತ ಬದಲಾವಣೆ ಅಂದದ್ದನ್ನು ತೆಗೆದುಕೊಳ್ಳಲ್ಲ. ಇಲೆಕ್ಟ್ರಾನ್ ಇಡೀ ಹರಳಿನದ್ದು ಅಂದೆ. ಪರಮಾಣುವಿನ ವೇಲೆನ್ಸಿಯನ್ನು ಬೇರೆಯಾಗಿ ಹೇಳುವುದಕ್ಕೇ ಆಗಲ್ಲ ಅಂದೆ. ಹಾಗಾದರೆ ವೇಲೆನ್ಸಿ ಬದಲಾಯಿತು, ಆದ್ದರಿಂದ ರಾಸಾಯನಿಕ ಅನ್ನುವ ನಿನ್ನ ಮೊದಲಿನ ವಾದ ಎಲ್ಲಿ ನಿಂತಿತು? ಪರಮಾಣುವಿಗೆ ತನ್ನದೇ ಆದ ವೇಲೆನ್ಸಿ ಇದ್ದರೆ ತಾನೇ ಅದು ಬದಲಾಗುವುದು?

ಸಂಶೋಧಕಿ: ...ಈ ಪ್ರಶ್ನೆಗೆ ನನ್ನ ಹತ್ತಿರ ನೇರವಾದ ಉತ್ತರ ಇಲ್ಲ ಸರ್. ನನ್ನ ಎರಡು ಮಾತುಗಳು ಒಂದಕ್ಕೊಂದು ಪೂರ್ತಿ ಹೊಂದಲ್ಲ, ನಿಜ. ಆದರೆ ಪ್ರಯೋಗಾಲಯದಲ್ಲಿ ನಾವು ಮಾಡುವುದು ಅಪ್ಪಟ ರಸಾಯನಶಾಸ್ತ್ರವೇ. ಒತ್ತುವ ಬದಲು ಬೇರೆ ಧಾತು ಬೆರೆಸಿಯೂ ಇದನ್ನು ಹೊನ್ನಾಗಿಸಬಹುದು. ನೂರು ಸಮೇರಿಯಮ್ಮಿನಲ್ಲಿ ಸುಮಾರು ಹದಿನಾರನ್ನು ತೆಗೆದು ಗ್ಯಾಡೊಲಿನಿಯಮ್ ಹಾಕಿ. ಗ್ಯಾಡೊಲಿನಿಯಮ್ ಅಯಾನು ಚಿಕ್ಕದು, ಒಳಗಿನಿಂದಲೇ ಹರಳನ್ನು ಬಿಗಿ ಹಿಡಿಯುತ್ತೆ. ಕೋಣೆಯಲ್ಲಿ ಇಟ್ಟರೂ ಹೊನ್ನಾಗಿಯೇ ಇರುತ್ತೆ. ಅದನ್ನು ತಣಿಸುತ್ತಾ ಹೋದರೆ ಮೈನಸ್ 150 ಡಿಗ್ರಿಯ ಸುಮಾರಿಗೆ ಬಿಗಿ ಸಡಿಲವಾಗುತ್ತೆ. ಸಮೇರಿಯಮ್‌ಗಳು ಇಲೆಕ್ಟ್ರಾನನ್ನು ಒಳಗೆ ಎಳೆದುಕೊಂಡು ದಪ್ಪಗಾಗುತ್ತವೆ, ಹರಳು ಒಮ್ಮೆಗೇ ಹಿಗ್ಗಿ ಕಪ್ಪಾಗಿ ಪುಡಿಪುಡಿಯಾಗಿ ಸಿಡಿಯುತ್ತೆ. 1973ರಲ್ಲಿ ಜಯರಾಮನ್ ಗುಂಪು ಇದನ್ನು ಪ್ರಕಟಿಸಿತು.

ಮೇಷ್ಟ್ರು: ತಣಿಸಿದರೆ ಹಿಗ್ಗುತ್ತಾ?

ಸಂಶೋಧಕಿ: ಹೌದು. ಅದರಿಂದ ಒಂದು ಉಪಯೋಗವೂ ಹೊರಟಿದೆ. ಗ್ಯಾಡೊಲಿನಿಯಮ್ ಬದಲು ಇಟ್ರಿಯಮ್ ಬೆರೆಸಿದರೆ ಹಿಗ್ಗುವಿಕೆ ಸಿಡಿತವಾಗದೆ ನಿಧಾನವಾಗಿ ನಡೆಯುತ್ತೆ. ಬಿಸಿಯಾದರೆ ಕುಗ್ಗುವ, ತಣ್ಣಗಾದರೆ ಹಿಗ್ಗುವ ವಸ್ತು. ಬಿಸಿಗೆ ಹಿಗ್ಗುವ ಸಾಮಾನ್ಯ ವಸ್ತುವಿನ ಜೊತೆ ಹದವಾಗಿ ಸೇರಿಸಿದರೆ ಗಾತ್ರ ಬದಲಾಗದ ಭಾಗಗಳನ್ನು ಮಾಡಬಹುದು ಅಂತ 2019ರಲ್ಲಿ ಜಪಾನಿನವರು ತೋರಿಸಿದ್ದಾರೆ.

ಮೇಷ್ಟ್ರು: ಉಪಯೋಗದ ಮಾತು ಬಂತು, ಹಾಗಾಗಿ ಕೇಳುತ್ತೇನೆ. ಐವತ್ತು ವರ್ಷ ಮೀರಿತು. ಈ ಹರಳಿನಿಂದ ಜನಕ್ಕೆ ತಲುಪಿದ್ದು ಏನು? ಪ್ರಶ್ನೆ ಕಠಿಣ ಅನ್ನಿಸಿದರೂ ಕೇಳಲೇಬೇಕು. ಕೇರಳದ ಚವರದ ಮರಳು, ತಮಿಳುನಾಡಿನ ಮಣವಾಳಕುರಿಚಿಯ ಮರಳು, ಎಷ್ಟು ಕಷ್ಟಪಟ್ಟು ಮೊನಜೈಟ್ ತೆಗೆದು, ಎಷ್ಟು ಆಮ್ಲ ಕ್ಷಾರ ಹಾಕಿ ಈ ಲೋಹಗಳನ್ನು ಒಂದರಿಂದ ಒಂದು ಬಿಡಿಸುತ್ತಾರೆ. ಸಮೇರಿಯಮ್ ಅದರಲ್ಲಿ ಶೇಕಡ ಎರಡು ಮೂರು ಸಿಕ್ಕರೆ ಹೆಚ್ಚು.

ಸಂಶೋಧಕಿ: ನೆರೆಯ ಧಾತುವಿನ ಸಲ್ಫೈಡುಗಳು ಕೆಲಸಕ್ಕೆ ಬಂದಿವೆ. ಎರಡನೇ ಮಹಾಯುದ್ಧದ ಸಮಯದಲ್ಲಿ ಬರ್ಕ್ಲಿಯಲ್ಲಿ ಲಿಯೊ ಬ್ರೂವರ್ ಮತ್ತು ಸಂಗಡಿಗರು ಸೀರಿಯಮ್ ಮೊನೊಸಲ್ಫೈಡಿನಿಂದ ಮೂಸೆ ಮಾಡಿದರು. ಪ್ಲುಟೋನಿಯಮ್ ಎಷ್ಟು ಡಿಗ್ರಿಗೆ ಕರಗುತ್ತೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಎಷ್ಟೇ ಶಾಖಕ್ಕೂ ತಾನು ಕರಗದ, ಒಳಗಿರುವ ಲೋಹವನ್ನು ಕೆಡಿಸದ ಪಾತ್ರೆ ಬೇಕಿತ್ತು. ಈ ಸಲ್ಫೈಡ್ ಕರಗುವುದು 2,400 ಡಿಗ್ರಿ ದಾಟಿದ ಮೇಲೆ. ಕೊನೆಗೆ ಪ್ಲುಟೋನಿಯಮ್ 640 ಡಿಗ್ರಿಗೇ ಕರಗುತ್ತೆ ಅಂತ ತಿಳಿಯಿತು. ಇನ್ನೊಂದು, ಸೀರಿಯಮ್ ಎರಡಕ್ಕೆ ಗಂಧಕ ಮೂರು ಇರುವ ಸಲ್ಫೈಡ್. ಅದು ಒಳ್ಳೆಯ ಕೆಂಪು. ವಿಷದ ಕ್ಯಾಡ್ಮಿಯಮ್ ಕೆಂಪಿನ ಬದಲಿಗೆ ಪ್ಲಾಸ್ಟಿಕ್ಕಿಗೆ ಹಾಕುವ ಬಣ್ಣವಾಗಿ 1990ರ ದಶಕದಲ್ಲಿ ಫ್ರಾನ್ಸಿನಿಂದ ಮಾರುಕಟ್ಟೆಗೆ ಬಂತು. ಸಮೇರಿಯಮ್ ಮೊನೊಸಲ್ಫೈಡಿಗೆ ಅಂಥ ದೊಡ್ಡ ಕಥೆ ಇನ್ನೂ ಇಲ್ಲ. ಇದೆ ಅಂತ ನಾನು ಹೇಳಲ್ಲ.

ಮೇಷ್ಟ್ರು: ಇಲ್ಲ ಅಂತ ನೇರವಾಗಿ ಹೇಳಿದೆ, ಅದು ಒಳ್ಳೆಯದು. ಉಪಯೋಗ ಇಲ್ಲ ಅಂತ ನಾನು ಬಿಟ್ಟುಬಿಡು ಅನ್ನಲ್ಲ. ಆದರೆ ಉಪಯೋಗ ಇಲ್ಲದಿದ್ದರೆ ಅರ್ಥವಾದರೂ ಸ್ಪಷ್ಟವಾಗಬೇಕು. ಮೊದಲ ವರ್ಷದ ಹುಡುಗ ಎದ್ದು ನಿಂತು, ಇದು ಭೌತವೋ ರಾಸಾಯನಿಕವೋ ಅಂತ ಕೇಳಿದರೆ ನೀನು ಏನು ಹೇಳುತ್ತೀಯ?

ಸಂಶೋಧಕಿ: ಆ ಎರಡೇ ಖಾನೆ ಸಾಲದು ಅಂತ ಹೇಳುತ್ತೇನೆ.

ಮೇಷ್ಟ್ರು: ಪರೀಕ್ಷೆಯಲ್ಲಿ ಖಾನೆ ಎರಡೇ ಇರುತ್ತವೆ. ಖಾನೆ ಇಲ್ಲದೆ ಅವನು ಮೊದಲ ಹೆಜ್ಜೆ ಇಡಲಾರ. ಸಾಲದು ಅನ್ನುವುದು ಅವನಿಗೆ ಗೊತ್ತಾಗಬೇಕಾದರೂ ಮೊದಲು ಖಾನೆ ಗಟ್ಟಿಯಾಗಿ ಕಲಿತಿರಬೇಕು.

ಸಂಶೋಧಕಿ: ಗಟ್ಟಿಯಾಗಿ ಕಲಿತ ಮೇಲೆ ಬಿಡಿಸುವುದು ಎಷ್ಟು ಕಷ್ಟ ಅನ್ನುವುದೂ ನೋಡಬೇಕಲ್ಲ ಸರ್. ಮೊದಲ ದಿನವೇ ಒಂದು ವಾಕ್ಯ ಸೇರಿಸಬಹುದು. ಇವೆರಡಕ್ಕೂ ಪೂರ್ತಿ ಸೇರದ ಬದಲಾವಣೆಗಳು ಪ್ರಕೃತಿಯಲ್ಲಿವೆ ಅಂತ.

ಮೇಷ್ಟ್ರು: ಅದನ್ನು ಒಪ್ಪುವ ಮೊದಲು ಇನ್ನೊಂದು ತಿಳಿಯಬೇಕು. 6.5 ಕಿಲೊಬಾರ್‌ಗೆ ಹೊನ್ನಾಯಿತು. ಇನ್ನೂ ಒತ್ತಿದರೆ? ಒಂದಲ್ಲ ಒಂದು ದಿನ ಪೂರ್ತಿ ಮೂರಾಗಲೇಬೇಕಲ್ಲ. ಆಗಲಾದರೂ ಆ ಕಾಂತಗುಣ ಕಾಣಿಸಬೇಕು.

ಸಂಶೋಧಕಿ: ಕಾಣಿಸುತ್ತೆ. ಸುಮಾರು 20 ಕಿಲೊಬಾರ್ ಹತ್ತಿರ, ತಣ್ಣಗಿರುವಾಗ, ಹರಳಿನಲ್ಲಿ ಕಾಂತಕ್ರಮ ಮೂಡುತ್ತೆ. 2004ರಲ್ಲಿ ಅದನ್ನು ಖಚಿತವಾಗಿ ಕಂಡರು.

ಮೇಷ್ಟ್ರು: ಸರಿ ಹಾಗಾದರೆ. ಮೂರಾದ ಕೂಡಲೇ ಕಾಂತಗುಣ ಬಂತು. ಪೂರ್ಣಾಂಕಕ್ಕೆ ಅದರ ಬೆಲೆ ಇದ್ದೇ ಇದೆ.

ಸಂಶೋಧಕಿ: ಅಲ್ಲೇ ಇರುವುದು ತೊಡಕು ಸರ್. 20 ಕಿಲೊಬಾರ್‌ನಲ್ಲಿ ವೇಲೆನ್ಸಿ ಇನ್ನೂ ಪೂರ್ತಿ 3 ಆಗಿರುವುದಿಲ್ಲ. ಪೂರ್ತಿ ಆಗಲು 100 ಕಿಲೊಬಾರ್ ದಾಟಬೇಕು. ಕಾಂತಗುಣ ಪೂರ್ಣಾಂಕಕ್ಕಾಗಿ ಕಾಯಲಿಲ್ಲ.

ಮೇಷ್ಟ್ರು: ಮೂರು ಆಗುವ ಮೊದಲೇ ಮೂರರ ಹಾಗೆ ನಡೆದುಕೊಳ್ಳಲು ಶುರು ಮಾಡಿತು ಅಂತಾಯಿತು. ಇದನ್ನು ನನ್ನ ಪಕ್ಷಕ್ಕೇ ಸೇರಿಸಿಕೊಳ್ಳುತ್ತೇನೆ.

ಸಂಶೋಧಕಿ: ನನಗೆ ಅದು ಬೇರೆ ಥರ ಕಾಣುತ್ತೆ. ಮೂರರ ಗುಣ ಬರಲು ಮೂರು ಆಗಬೇಕಿಲ್ಲ ಅಂದಮೇಲೆ, ಆ ಗುಣವನ್ನು ಸಂಖ್ಯೆಗೆ ಕಟ್ಟಿಹಾಕುವುದು ಯಾಕೆ?

ಮೇಷ್ಟ್ರು: 20 ಕಿಲೊಬಾರ್‌ಗೆ ಸ್ವಲ್ಪ ಕೆಳಗೂ ಸ್ವಲ್ಪ ಮೇಲೂ ವೇಲೆನ್ಸಿ ಎಷ್ಟು ಬದಲಾಗುತ್ತೆ?

ಸಂಶೋಧಕಿ: ದೊಡ್ಡ ನೆಗೆತ ಏನಿಲ್ಲ. ನಿಧಾನವಾಗಿ ಏರಿಕೊಂಡು ಹೋಗುತ್ತೆ.

ಮೇಷ್ಟ್ರು: ಸಂಖ್ಯೆ ನಿಧಾನವಾಗಿ ಏರುತ್ತೆ, ಕಾಂತಕ್ರಮ ಮಾತ್ರ ಒಂದು ಜಾಗದಲ್ಲಿ ಥಟ್ಟನೆ ಹುಟ್ಟುತ್ತೆ. ಹಾಗಿದ್ದರೆ ಆ ಜಾಗದಲ್ಲಿ ಬೇರೆ ಏನೋ ನಡೆಯುತ್ತಿದೆ. ನಿನ್ನ 2.77ಕ್ಕೂ ನನ್ನ ಮೂರಕ್ಕೂ ಸಿಗದ್ದು. ಒತ್ತಡಕ್ಕೆ ಎದುರಾಗಿ ವೇಲೆನ್ಸಿ ಬರೆದಿರುವ ಆ ನಕ್ಷೆ ನನಗೆ ಕಳಿಸು. ಅಳೆದ ಬಿಂದುಗಳು ಎಷ್ಟು ಹತ್ತಿರ ಹತ್ತಿರ ಇವೆ, ನಡುವೆ ಗೆರೆಯನ್ನು ಊಹೆಯಿಂದ ಎಳೆದದ್ದು ಎಷ್ಟು ಅಂತ ನಾನೇ ನೋಡಬೇಕು.

ಸಂಶೋಧಕಿ: ಇವತ್ತೇ ಕಳಿಸುತ್ತೇನೆ. 15ರಿಂದ 25 ಕಿಲೊಬಾರ್ ನಡುವಿನ ಭಾಗವನ್ನು ದೊಡ್ಡದು ಮಾಡಿ ನೋಡಿ ಸರ್, ನನ್ನ ಸಂದೇಹವೂ ಅಲ್ಲೇ ಇದೆ.